ಪುಟ್ಟಸಿದ್ದಯ್ಯನ ಸೋಮವಾರ

ಕೊಳ್ಳೇಗಾಲದ ಕೋರ್ಟಿನಲ್ಲಿ ಹದಿನೆಂಟು ವರ್ಷದಿಂದ ಕರಿಕೋಟು ಹಾಕಿಕೊಂಡು ಓಡಾಡುತ್ತಿದ್ದೇನೆ. ಸಾಕ್ಷಿಗಳಿಗೆ ಪಾಟೀಸವಾಲು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ ಎಂದು ವಕೀಲರ ಸಂಘದ ಗಂಡಸರೂ ಒಪ್ಪುತ್ತಾರೆ. ಒಪ್ಪುವಾಗ ಮುಖ ಸ್ವಲ್ಪ ಹುಳ್ಳಗೆ ಮಾಡಿಕೊಳ್ಳುತ್ತಾರೆ, ಅಷ್ಟೆ. ಆ ಹೊಗಳಿಕೆ ನನಗೂ ಬಹಳ ವರ್ಷ ಹಿತವಾಗಿಯೇ ಇತ್ತು. ಈಗ ಯಾರಾದರೂ ಹಾಗೆಂದರೆ ಮಾತನ್ನು ಬೇರೆ ಕಡೆ ತಿರುಗಿಸಿಬಿಡುತ್ತೇನೆ. ಯಾಕೆಂದು ಇವತ್ತು ಹೇಳಿ ಮುಗಿಸುತ್ತೇನೆ.

ಕೇಸು ದೊಡ್ಡದೇನಲ್ಲ. ಕುಂತೂರಿನ ಹತ್ತಿರದ ಒಂದು ಹಳ್ಳಿ. ಕೇಸು ವಿಚಾರಣೆಗೆ ಬರುವ ಎರಡು ವರ್ಷ ಮೊದಲು, ಆಗಸ್ಟ್ ಎಂಟನೇ ತಾರೀಕು ಹನ್ನೊಂದು ಗಂಟೆಯ ಹೊತ್ತಿಗೆ, ದೊಡ್ಡಬಸಮ್ಮ ಎಂಬ ಐವತ್ತರ ಹೆಂಗಸು ತಲೆಯ ಮೇಲೆ ಊಟದ ಪುಟ್ಟಿ ಹೊತ್ತುಕೊಂಡು ರಸ್ತೆಯ ಅಂಚಿನಲ್ಲಿ ತನ್ನ ಹೊಲದ ಕಡೆ ನಡೆಯುತ್ತಿದ್ದಳು. ಕಬ್ಬು ಇಳಿಸಿ, ಖಾಲಿ ಟ್ರೈಲರ್ ಎರಡನ್ನು ಎಳೆದುಕೊಂಡು ವಾಪಸು ಬರುತ್ತಿದ್ದ ಟ್ರಾಕ್ಟರ್ ಅವಳಿಗೆ ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಟ್ರಾಕ್ಟರ್ ಹನೂರು ಕಡೆಯ ಮೂರ್ತಿ ಎಂಬವನದು, ಓಡಿಸುತ್ತಿದ್ದವನೂ ಅವನೇ ಎಂದು ಪೊಲೀಸರ ಆರೋಪಪಟ್ಟಿ. ಅಜಾಗರೂಕತೆಯಿಂದ ಓಡಿಸಿ ಸಾವಿಗೆ ಕಾರಣನಾದ ಎಂಬುದು ಅವನ ಮೇಲಿನ ಆಪಾದನೆ. ಅವನ ಪರವಾಗಿ ನಿಂತ ವಕೀಲೆ ನಾನು.

ಕಣ್ಣಾರೆ ಕಂಡವನು ಒಬ್ಬನೇ, ಪುಟ್ಟಸಿದ್ದಯ್ಯ. ಅರವತ್ತೆಂಟರ ಬೇಸಾಯಗಾರ, ದೊಡ್ಡಬಸಮ್ಮನ ಪಕ್ಕದ ಮನೆಯವನು. ಅಂದು ಅವಳ ಹೊಲವನ್ನು ತನ್ನ ಎತ್ತುಗಳಿಂದ ಉಳುತ್ತಿದ್ದ. ಅವಳು ಹೊತ್ತು ತರುತ್ತಿದ್ದ ಊಟ ಅವನಿಗೇ. ಟ್ರಾಕ್ಟರ್ ಅತ್ತಿತ್ತ ಓಲಾಡುತ್ತಾ ಜೋರಾಗಿ ಬಂತು, ಓಡಿಸುತ್ತಿದ್ದವನು ಮೂರ್ತಿ, ಅವನ ಒಂದು ಕೈ ಕಿವಿಯ ಹತ್ತಿರ ಫೋನು ಹಿಡಿದಿತ್ತು ಎಂದು ಅವನು ಪೊಲೀಸರಿಗೆ ಹೇಳಿದ್ದ. ಈ ಮಾತು ಕೋರ್ಟಿನಲ್ಲಿ ನಿಂತರೆ ಮೂರ್ತಿಗೆ ಶಿಕ್ಷೆ, ಬಿದ್ದರೆ ಬಿಡುಗಡೆ. ಮೂರನೆಯ ದಾರಿ ಇರಲಿಲ್ಲ.

ಬಿದ್ದರೆ ಯಾರ ಎದೆಗೆ ಬೀಳುತ್ತದೆ ಎಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ದೊಡ್ಡಬಸಮ್ಮನ ಮಗಳು ಕೋಮಲ ಕೊಳ್ಳೇಗಾಲದಲ್ಲೇ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೇಸು ಕೂಗುವ ದಿನವೆಲ್ಲ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ಸಲ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು.

"ಅಕ್ಕಾ, ನೀವು ಅವನ ಕಡೆಯೋರು ಅಂತ ಗೊತ್ತು. ಅವನು ಎಷ್ಟು ದಿನ ಜೈಲಲ್ಲಿರ್ತಾನೆ ಅನ್ನೋದು ನಂಗೆ ಬ್ಯಾಡ. ನಿಮ್ಮವ್ವ ಇವನ ತಪ್ಪಿಂದ ಸತ್ಲು ಅಂತ ಜಡ್ಜು ಬಾಯಿಂದ ಒಂದು ಮಾತು ಬಂದ್ರೆ ಸಾಕು."

ಎದುರು ಪಕ್ಷದವರ ಹತ್ತಿರ ಮಾತಾಡಬಾರದಮ್ಮ ಎಂದು ಹೇಳಿ ನಾನು ಮೆಟ್ಟಿಲು ಹತ್ತಿ ಹೋದೆ. ಮೂರ್ತಿಯನ್ನು ಆಫೀಸಿನಲ್ಲಿ ಕೂರಿಸಿಕೊಂಡು ಫೋನಿನ ವಿಷಯ ಕೇಳಿದಾಗ ಅವನು ತಲೆ ತಗ್ಗಿಸಿದ್ದ. ಎರಡನೇ ಸಲ ನಾನು ಕೇಳಲಿಲ್ಲ. ಕೇಳದೇ ಬಿಡಬೇಕಾದದ್ದು ಯಾವುದೆಂದು ತಿಳಿಯುವುದಕ್ಕೂ ನಮ್ಮ ಕಸುಬಿನಲ್ಲಿ ಕೆಲವು ವರ್ಷ ಬೇಕು.

ಪಾಟೀಸವಾಲನ್ನು ನಾನು ಬೈಯುತ್ತಿದ್ದೇನೆ ಎಂದು ತಿಳಿಯಬೇಡಿ. ಮಾರ್ಟಳ್ಳಿಯ ಒಬ್ಬ ಕೂಲಿಯವನ ಮೇಲೆ ಯಾರೋ ಸುಳ್ಳು ಕಳ್ಳತನ ಹೊರಿಸಿದ್ದಾಗ, ದೂರು ಕೊಟ್ಟವನನ್ನು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿಯೇ ನಾನು ಆ ಕೂಲಿಯವನನ್ನು ಬಿಡಿಸಿಕೊಂಡು ಬಂದೆ. ಒಬ್ಬ ಮನುಷ್ಯ ಕಟಕಟೆಯಲ್ಲಿ ನಿಂತು ಹೇಳಿದ್ದನ್ನೆಲ್ಲ ಹಾಗೇ ನಂಬಿಬಿಟ್ಟರೆ ಅರ್ಧ ತಾಲ್ಲೂಕು ಜೈಲಿನಲ್ಲಿರುತ್ತದೆ. ಅದಕ್ಕೇ ಕಾನೂನು ಎದುರು ಪಕ್ಷದ ವಕೀಲನಿಗೆ ಒಂದು ಅಧಿಕಾರ ಕೊಟ್ಟಿದೆ. ಸಾಕ್ಷಿಯನ್ನು ಕರೆದವರು ಅವನ ಬಾಯಿಗೆ ಉತ್ತರ ತುರುಕುವಂತಿಲ್ಲ. ಏನು ನೋಡಿದೆ, ಎಲ್ಲಿದ್ದೆ ಎಂದು ಕೇಳಿ ಸುಮ್ಮನಿರಬೇಕು. ನಾವು ಮಾತ್ರ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು, ಹೌದೋ ಅಲ್ಲವೋ ಎಂದು ಕೇಳಬಹುದು. ಅವನ ನಡತೆಯನ್ನು ಕೆದಕಬಹುದು. ಮೊದಲು ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಅವನ ಮುಖಕ್ಕೇ ಹಿಡಿಯಬಹುದು. ನಾವು ಪ್ರಶ್ನಿಸದೆ ಬಿಟ್ಟ ಮಾತನ್ನು ಒಪ್ಪಿದಂತೆಯೇ ಲೆಕ್ಕ, ಹಾಗಾಗಿ ಬಿಡುವಂತೆಯೂ ಇಲ್ಲ. ನನ್ನ ಗುರುಗಳಾದ ಗುರುಪಾದಸ್ವಾಮಿಯವರು ಇದರ ಜೊತೆಗೆ ಒಂದು ಮಾತು ಸೇರಿಸುತ್ತಿದ್ದರು: ಸಾಕ್ಷಿ ಯಾವುದಕ್ಕೆ ಹೆದರುತ್ತಾನೆ ಅನ್ನುವುದನ್ನು ಮೊದಲು ಪತ್ತೆ ಮಾಡಮ್ಮ, ಪ್ರಶ್ನೆ ತಾನಾಗೇ ಹುಟ್ಟುತ್ತದೆ.

ಅದು ಪತ್ತೆಯಾದದ್ದು ನನ್ನ ಅಡುಗೆಮನೆಯಲ್ಲಿ. ಗೋಡೆಯ ಹಳೆಯ ಕ್ಯಾಲೆಂಡರನ್ನು ಹುಡುಕಿ ತೆಗೆದು ಆಗಸ್ಟ್ ಎಂಟು ಯಾವ ವಾರ ಎಂದು ನೋಡಿದೆ. ಸೋಮವಾರ. ಅದೂ ಶ್ರಾವಣ ಸೋಮವಾರ.

ನಾನು ಯಳಂದೂರಿನವಳು, ಬೇಸಾಯಗಾರನ ಮಗಳು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೂಡಿ ಉಳುವುದಕ್ಕೆ ನಮ್ಮಲ್ಲಿ ಆರು ಕಟ್ಟುವುದು ಎನ್ನುತ್ತಾರೆ. ಸೋಮವಾರ ಆರು ಕಟ್ಟುವಂತಿಲ್ಲ, ಅದು ಬಸವಣ್ಣನ ದಿನ. ಬಸವಣ್ಣ ಎಂದರೆ ಮನೆಯ ಎತ್ತೇ. ನಮ್ಮಪ್ಪ ಆ ದಿನ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಕೈ ಮುಗಿದು ಹುಲ್ಲು ಹಾಕುತ್ತಿದ್ದರು. ಊರಲ್ಲಿ ಯಾವ ಆಸೆಬುರುಕನೂ ಈ ಒಂದು ಕಟ್ಟಳೆ ಮುರಿದದ್ದನ್ನು ನಾನು ಕಂಡಿಲ್ಲ.

ಪೊಲೀಸರಿಗೆ ಇದು ಹೊಳೆದಿರಲಿಲ್ಲ. ಹೇಳಿಕೆಯಲ್ಲಿ ತಾರೀಕು ಇತ್ತು, ವಾರ ಇರಲಿಲ್ಲ. ನನಗೆ ಎರಡು ಬಾಗಿಲು ಕಂಡವು. ಅಂದು ಉಳಲಿಲ್ಲ ಎಂದರೆ ಅವನು ಹೊಲದಲ್ಲಿ ಇರಲೇ ಇಲ್ಲ, ಏನನ್ನೂ ನೋಡಲಿಲ್ಲ. ಉತ್ತೆ ಎಂದರೆ ಊರವರ ಮುಂದೆ ತಲೆ ಎತ್ತಲಾಗದ ತಪ್ಪನ್ನು ಒಪ್ಪಿದಂತೆ. ಊರಿನ ಯಜಮಾನ ಚಿಕ್ಕಮಾದಪ್ಪನೂ ಸಾಕ್ಷಿಯ ದಿನ ಬರುತ್ತಾನೆಂದು ಗೊತ್ತಿತ್ತು. ಅವನ ಎದುರಿಗೆ ಪುಟ್ಟಸಿದ್ದಯ್ಯ ಮಾನ ಉಳಿಸಿಕೊಳ್ಳಲು ಇಲ್ಲ ಎಂದೇ ಅನ್ನುತ್ತಾನೆ ಎಂದು ಎಣಿಸಿದೆ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಸಾಕ್ಷಿಯ ದಿನ ಸರ್ಕಾರಿ ವಕೀಲರು ಅವನ ಮುಖ್ಯ ವಿಚಾರಣೆಯನ್ನು ಅಚ್ಚುಕಟ್ಟಾಗಿ ಮುಗಿಸಿದರು. ಪುಟ್ಟಸಿದ್ದಯ್ಯ ಕಟಕಟೆಯ ಮರವನ್ನು ಎರಡು ಕೈಯಿಂದ ಹಿಡಿದು, ಕಂಡದ್ದನ್ನು ಕಂಡಂತೆ ಹೇಳಿದ. ಫೋನು ಹೇಳಿದ, ವೇಗ ಹೇಳಿದ, ಮೂರ್ತಿಯನ್ನು ಬೆರಳು ಮಾಡಿ ತೋರಿಸಿದ. ನಾನು ಎದ್ದೆ.

"ಎಷ್ಟು ವರ್ಷದಿಂದ ಬೇಸಾಯ ಮಾಡ್ತಿದ್ದೀರಿ, ಯಜಮಾನ್ರೆ?"

"ಬುದ್ದಿ ಬಂದಾಗ್ಲಿಂದ್ಲೂವೆ, ತಾಯಿ."

"ನಿಮ್ಮೂರಲ್ಲಿ ಸೋಮವಾರ ಆರು ಕಟ್ತಾರಾ?"

"ಇಲ್ಲ ತಾಯಿ. ಬಸವಣ್ಣನ ದಿನ. ಯಾರೂ ಕಟ್ಟಾಕಿಲ್ಲ."

"ಆಗಸ್ಟ್ ಎಂಟನೇ ತಾರೀಕು ಯಾವ ವಾರ?"

ನಾನು ಕ್ಯಾಲೆಂಡರಿನ ಹಾಳೆಯನ್ನು ನ್ಯಾಯಾಧೀಶರಿಗೆ ಕೊಟ್ಟೆ. ಅವರು ಕರಾವಳಿಯವರು, ನಮ್ಮಲ್ಲಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಹಾಳೆ ನೋಡಿ, "ಸೋಮವಾರ. ಅದಕ್ಕೇನಂತೆ?" ಎಂದರು.

"ಅಂದರೆ ಅವತ್ತು ನೀವು ಆರು ಕಟ್ಟಿರಲಿಲ್ಲ," ಎಂದೆ ನಾನು ಸಾಕ್ಷಿಗೆ. "ಹೊಲದಲ್ಲೇ ಇರಲಿಲ್ಲ. ಅಪಘಾತ ನೋಡಲೂ ಇಲ್ಲ. ಸರಿ ತಾನೆ?"

ಪುಟ್ಟಸಿದ್ದಯ್ಯ ಹಿಂದಿನ ಬೆಂಚಿನ ಕಡೆ ನೋಡಿದ. ಅಲ್ಲಿ ಚಿಕ್ಕಮಾದಪ್ಪ ಕೂತಿದ್ದ, ಪಕ್ಕದಲ್ಲಿ ಊರಿನ ಇನ್ನೂ ಮೂವರು, ಇತ್ತ ತುದಿಯಲ್ಲಿ ಕೋಮಲ. ಆಮೇಲೆ ಕಟಕಟೆಯನ್ನು ಬಿಟ್ಟು ಕೈ ಜೋಡಿಸಿದ.

"ಕಟ್ಟಿದ್ದೆ ಸಾ," ಎಂದ. "ಕಟ್ಬುಟ್ಟೆ. ಬಾನುವಾರ ಮಳೆ ಉಯ್ದಿತ್ತು. ಟ್ರಾಕ್ಟ್ರುಗಳೆಲ್ಲಾ ಕಬ್ಬು ಒಡಿಯಾಕೆ ಓಗಿದ್ವು. ಮಂಗಳಾರಕ್ಕೆ ನೆಲ ಆರೋಯ್ತದೆ, ಒಂದು ಸುತ್ತು ಉತ್ಕೊಡು ಸಿದ್ದಣ್ಣ ಅಂದ್ಲು ದೊಡ್ಡಬಸಿ. ಗಂಡನಿಲ್ಲದ ಎಂಗ್ಸು. ಇಲ್ಲ ಅನ್ನಾಕಾಗ್ಲಿಲ್ಲ. ಉಟ್ಟಿದ್ಮ್ಯಾಲೆ ಮೊದಲ್ನೇ ಕಿತ ಸೋಮವಾರ ಬಸವಣ್ಣನ ಎಗಲ ಮ್ಯಾಲೆ ನೊಗ ಮಡಗ್ದೆ. ಅದ್ಕೇ ಅವಳು ಓದ್ಲು ಸಾ. ನನ್ನ ಕಣ್ಣ ಮುಂದೇಯ. ನಂಗೆ ಇಟ್ಟು ತತ್ತಾ ಇದ್ಲು."

ಎರಡು ವರ್ಷ ಈ ಮುದುಕ ಏನನ್ನು ಹೊತ್ತುಕೊಂಡು ತಿರುಗುತ್ತಿದ್ದ ಎಂಬುದು ಆ ಕ್ಷಣವೇ ನನಗೆ ಅರ್ಥವಾಯಿತು. ಅವನ ಹೆದರಿಕೆ ಊರಿನದಾಗಿರಲಿಲ್ಲ. ಅವಳನ್ನು ತಾನೇ ಕೊಂದೆ ಎಂದು ಅವನು ನಂಬಿದ್ದ. ಟ್ರಾಕ್ಟರ್, ಫೋನು, ಮೂರ್ತಿ ಎಲ್ಲವೂ ಅವನ ಪಾಲಿಗೆ ಶಿಕ್ಷೆ ಬಂದ ದಾರಿ ಅಷ್ಟೆ.

"ಏನು ಹೇಳ್ತಿದ್ದಾರೆ ಇವರು?" ಎಂದು ನ್ಯಾಯಾಧೀಶರು ನನ್ನ ಕಡೆ ತಿರುಗಿದರು. "ಸೋಮವಾರ ಉತ್ತರೆ ಏನು?"

ನಾನು ಹೇಳಬಹುದಿತ್ತು. ಎರಡೇ ವಾಕ್ಯ ಸಾಕಿತ್ತು.

"ಅದು ಊರಿನ ನಂಬಿಕೆ, ಸ್ವಾಮಿ. ಪ್ರಕರಣಕ್ಕೆ ಸಂಬಂಧವಿಲ್ಲ," ಎಂದೆ. ಹೇಳಿದ್ದು ಸುಳ್ಳಲ್ಲ. ಆಮೇಲೆ ಸಾಕ್ಷಿಯ ಕಡೆ ತಿರುಗಿ, ದನಿ ಇಳಿಸಿ, ಮನೆಯ ಹಿರಿಯರನ್ನು ಕೇಳುವ ಹಾಗೆ ಕೇಳಿದೆ.

"ಹಾಗಾದರೆ ದೊಡ್ಡಬಸಮ್ಮ ಸತ್ತದ್ದು ನಿಮ್ಮ ತಪ್ಪಿನಿಂದ?"

"ಊಂ, ತಾಯಿ."

"ಈ ಮೂರ್ತಿಯ ತಪ್ಪಿನಿಂದ ಅಲ್ಲ?"

"ಅಂವ ಏನ್ ಮಾಡ್ತಾನೆ ತಾಯಿ. ಅಂವ ಬರೀ ನಿಮಿತ್ತ."

ನಮ್ಮ ಕೋರ್ಟಿನಲ್ಲಿ ಸಾಕ್ಷಿಯ ಮಾತು ಹಾಗೇ ಕಾಗದಕ್ಕೆ ಇಳಿಯುವುದಿಲ್ಲ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ವಾಕ್ಯ ಮಾಡಿ ನ್ಯಾಯಾಧೀಶರು ಬರೆಸುತ್ತಾರೆ. ಬೆರಳಚ್ಚುಗಾರ್ತಿ ಟೈಪು ಮಾಡಿದ್ದು ಇಷ್ಟು: ಘಟನೆಯ ದಿನ ನಾನು ಹೊಲ ಉಳುತ್ತಿದ್ದೆ. ದೊಡ್ಡಬಸಮ್ಮ ನನ್ನ ತಪ್ಪಿನಿಂದ ಸತ್ತಳು ಎಂದರೆ ಸರಿ. ಆರೋಪಿಯ ತಪ್ಪಿನಿಂದ ಅಲ್ಲ ಎಂದರೆ ಸರಿ. ನಿಮಿತ್ತ ಎಂಬ ಮಾತು ಅದರಲ್ಲಿ ಬರಲಿಲ್ಲ. ಸೋಮವಾರವೂ ಬರಲಿಲ್ಲ.

ನಾನು ಕೂತೆ. ಪಾಟೀಸವಾಲಿನಲ್ಲಿ ಗೊಂದಲವಾದದ್ದನ್ನು ಸರಿಪಡಿಸಲು ಸಾಕ್ಷಿಯನ್ನು ಕರೆದವರು ಮತ್ತೆ ಪ್ರಶ್ನೆ ಕೇಳಬಹುದು; ಅದಕ್ಕೆ ಮರು ವಿಚಾರಣೆ ಎಂದು ಹೆಸರು. ಸರ್ಕಾರಿ ವಕೀಲರು ಎದ್ದರು. ಅವರು ನಮ್ಮ ಸೀಮೆಯವರಲ್ಲದಿದ್ದರೂ ಚುರುಕು ಮನುಷ್ಯ, ವಿಷಯ ಅವರಿಗೆ ಹೊಳೆದಿತ್ತು.

"ಸೋಮವಾರ ಉತ್ತ ಪಾಪಕ್ಕೆ ದೇವರು ಅವಳನ್ನು ಕರೆದುಕೊಂಡ ಅಂತ ನಂಬಿಕೊಂಡು ಹೀಗೆ ಹೇಳ್ತಿದ್ದೀರಿ, ಅಲ್ಲವಾ?" ಎಂದು ಕೇಳಿದರು.

ಆ ಕೇಸಿನಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ.

"ಆಕ್ಷೇಪಣೆ ಸ್ವಾಮಿ. ಮರು ವಿಚಾರಣೆಯಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳುವಂತಿಲ್ಲ."

ನ್ಯಾಯಾಧೀಶರು ಒಂದು ಕ್ಷಣ ಯೋಚಿಸಿದರು. ಕಾನೂನು ನನ್ನ ಕಡೆ ಇತ್ತು. "ಬೇರೆ ರೀತಿ ಕೇಳಿ," ಎಂದರು.

"ಯಜಮಾನರೇ, ನಿಮ್ಮ ತಪ್ಪು ಅಂತ ಯಾಕೆ ಹೇಳ್ತೀರಿ?"

ಪುಟ್ಟಸಿದ್ದಯ್ಯನಿಗೆ ಸಾಕಾಗಿಹೋಗಿತ್ತು. ಇಷ್ಟು ಜನ ದೊಡ್ಡವರು ಸೇರಿ ಒಂದೇ ವಿಷಯವನ್ನು ಯಾಕೆ ತಿರುಗಿಸಿ ತಿರುಗಿಸಿ ಕೇಳುತ್ತಾರೆ ಎಂಬುದು ಅವನಿಗೆ ತಿಳಿಯಲಿಲ್ಲ.

"ಮಾಡಬಾರದ್ದ ಮಾಡ್ದೆ ಸಾ, ಅದ್ಕೆ ನಂದೇ ತಪ್ಪು. ಇನ್ನೇನ್ ಯೋಳ್ಲಿ? ಏನ್ ಸಿಕ್ಸೆ ಕೊಟ್ರೂ ಅನುಬವಿಸ್ತೀನಿ."

ಅದನ್ನೂ ಬರೆಸಿದರು. ಅವನು ಹೆಬ್ಬೆಟ್ಟು ಒತ್ತಿ ಇಳಿದು ಹೋದ. ಇಳಿಯುವಾಗ ಅವನ ಮುಖದಲ್ಲಿ ಹೊರೆ ಇಳಿಸಿದವನ ನೆಮ್ಮದಿ ಇತ್ತು. ಕೋಮಲ ಮಾತ್ರ ಬೆಂಚಿನಿಂದ ಏಳಲಿಲ್ಲ. ಅವಳು ನೋಡುತ್ತಿದ್ದದ್ದು ಪುಟ್ಟಸಿದ್ದಯ್ಯನನ್ನಲ್ಲ, ಮೂರ್ತಿಯನ್ನೂ ಅಲ್ಲ. ನಾನು ಫೈಲು ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೆ.

ಸಂಘದ ಕೋಣೆಯಲ್ಲಿ ಅಂದು ನನಗೆ ಭಾರೀ ಮರ್ಯಾದೆ. ಸರ್ಕಾರದ ಸಾಕ್ಷಿಯ ಬಾಯಲ್ಲೇ ಆರೋಪಿ ನಿರಪರಾಧಿ ಅನ್ನಿಸಿಬಿಟ್ಟಿರಲ್ಲ ಮೇಡಂ ಎಂದು ಕಾಫಿ ತರಿಸಿ ಕೊಟ್ಟರು. ನನಗೆ ಆ ದಿನ ನಾಚಿಕೆಯಾಗಲಿಲ್ಲ. ಆಯಿತು ಎಂದು ಈಗ ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಅಂದು ಹೆಮ್ಮೆಯೇ ಆಗಿತ್ತು. ಕಾಫಿಯನ್ನೂ ಪೂರ್ತಿ ಕುಡಿದೆ.

ಎರಡು ತಿಂಗಳ ಮೇಲೆ ತೀರ್ಪು. ಏಕೈಕ ಪ್ರತ್ಯಕ್ಷ ಸಾಕ್ಷಿಯೇ ಆರೋಪಿಯ ತಪ್ಪಿಲ್ಲವೆಂದು ಒಪ್ಪಿರುವುದರಿಂದ, ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟು ಬಿಡುಗಡೆ ಮಾಡಲಾಗಿದೆ ಎಂದು ನ್ಯಾಯಾಧೀಶರು ಓದಿದರು. ಇದ್ದ ಕಾಗದವನ್ನು ನೋಡಿ ಬೇರೆ ಯಾರಾದರೂ ಅದನ್ನೇ ಬರೆಯುತ್ತಿದ್ದರು. ಮೂರ್ತಿ ನನಗೆ ಕೈ ಮುಗಿದು, ಕಣ್ಣೊರೆಸಿಕೊಂಡು, ಗೇಟಿನ ಹೊರಗೆ ಕಾಯುತ್ತಿದ್ದ ತನ್ನವರ ಜೊತೆ ಹೊರಟುಹೋದ.

ಮಧ್ಯಾಹ್ನ ಊಟಕ್ಕೆಂದು ಹೊರಬಂದಾಗ ಪಡಸಾಲೆಯ ಬೆಂಚಿನಲ್ಲಿ ಪುಟ್ಟಸಿದ್ದಯ್ಯ ಕೂತಿದ್ದ. ಪಕ್ಕದಲ್ಲಿ ಗಂಟು ಕಟ್ಟಿದ ಗೊಬ್ಬರದ ಚೀಲ. ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿಕೊಂಡು ಕೋಮಲ ನಿಂತಿದ್ದಳು. ನನ್ನನ್ನು ಕಂಡು ಅವನು ಎದ್ದ.

"ತಾಯಿ, ನನ್ನ ಯಾವಾಗ ಕೂಗ್ತಾರೆ?"

"ಯಾಕೆ ತಾತ? ನಿಮ್ಮ ಕೆಲಸ ಮುಗೀತಲ್ಲ."

"ಆ ಉಡುಗನ್ನ ಬುಟ್ರಂತಲ್ಲ. ಸರಿ. ಇನ್ನು ನನ್ನದಲ್ವಾ? ಬೆಳಗ್ಗೆಯಿಂದ ಕಾಯ್ತಾವ್ನಿ. ಕಂಬಳಿ, ಪಂಚೆ, ತಟ್ಟೆ ಎಲ್ಲಾ ತಂದಿವ್ನಿ. ಎತ್ತುನೂ ನನ್ನ ತಂಗಿ ಮನೆಗೆ ಬುಟ್ಟು ಬಂದೆ. ಎಷ್ಟ್ ದಿನ ಆಯ್ತದೋ ಏನೋ."

ಅವನು ಜೈಲಿಗೆ ಹೋಗಲು ಬಂದಿದ್ದ. ಕೋರ್ಟಿನಲ್ಲಿ ತಪ್ಪು ಒಪ್ಪಿದ್ದಾನೆ, ಅದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಇನ್ನು ಶಿಕ್ಷೆ ಕೊಡಲೇಬೇಕಲ್ಲ. ಬೆಂಚಿನ ಮೇಲೆ ಕೂತು ಅವನನ್ನೂ ಕೂರಿಸಿದೆ.

"ನಿಮಗೆ ಯಾರೂ ಶಿಕ್ಷೆ ಕೊಡೋದಿಲ್ಲ ತಾತ. ಸೋಮವಾರ ಉಳೋದು ಕಾನೂನಲ್ಲಿ ತಪ್ಪಲ್ಲ. ಮನೆಗೆ ಹೋಗಿ."

"ಅಂಗಂದ್ರೆ ಎಂಗೆ?" ಎಂದ ಅವನು. "ಅವತ್ತು ಊರಿಗೆ ಓಗಿ ಚಿಕ್ಕಮಾದಪ್ಪನ ಕಾಲ್ಗೆ ಬಿದ್ದೆ. ನ್ಯಾಯ ಮಾಡಿ, ಏನ್ ತಪ್ಪು ದಂಡ ಆಕ್ತಿರೋ ಆಕಿ, ದ್ಯಾವ್ರ ಮುಂದೆ ನಿಲ್ಸಿ ಅಂದೆ. ಅವ್ರು ಏನಂದ್ರು ಗೊತ್ತಾ? ನೀನು ಕೋರ್ಟಲ್ಲಿ ಒಪ್ಕಂಡಿದ್ದೀಯ ಕಣ್ಲಾ, ಈಗ ಅದು ಕೋರ್ಟಿನ ನ್ಯಾಯ. ಒಂದು ತಪ್ಪಿಗೆ ಎರಡು ಕಡೆ ನ್ಯಾಯ ಮಾಡಾಕಾಗಲ್ಲ, ಅಲ್ಲೇ ಮುಗಿಸ್ಕಂಡು ಬಾ ಅಂದ್ರು. ಎರಡು ತಿಂಗಳಾಯ್ತು ತಾಯಿ, ದ್ಯಾವಸ್ಥಾನದ ಒಳಕ್ಕೆ ಓಗಿಲ್ಲ ನಾನು."

ಊರು ಕೋರ್ಟಿಗೆ ಬಿಟ್ಟಿತ್ತು. ಕೋರ್ಟಿಗೆ ಅವನ ತಪ್ಪು ಬೇಕಾಗಿದ್ದದ್ದು ಮೂರ್ತಿಯನ್ನು ಬಿಡುವ ಮಟ್ಟಿಗೆ ಮಾತ್ರ. ಊರಿನಲ್ಲೇ ಇದ್ದಿದ್ದರೆ ದೇವರ ಮುಂದೆ ಅಡ್ಡಬಿದ್ದು, ನಾಲ್ಕು ಮಾತು ಬೈಸಿಕೊಂಡು, ತೀರ್ಥ ತೆಗೆದುಕೊಂಡು ಅವನು ಹಗುರಾಗುತ್ತಿದ್ದನೇನೋ. ಆ ದಾರಿಯನ್ನೂ ನ್ಯಾಯದ ಹೆಸರಿನಲ್ಲಿ ನಾನೇ ಮುಚ್ಚಿದ್ದೆ. ನನಗೆ ನಾಚಿಕೆಯಾದದ್ದು ಆಗ. ಅಂಥ ನಾಚಿಕೆ ಈ ಕಸುಬಿನಲ್ಲಿ ನನಗೆ ಹಿಂದೆಂದೂ ಆಗಿರಲಿಲ್ಲ.

"ತಾತ, ನನ್ನ ಮಾತು ಕೇಳಿ," ಎಂದೆ. "ದೊಡ್ಡಬಸಮ್ಮ ಸತ್ತದ್ದು ನಿಮ್ಮಿಂದಲ್ಲ. ನೋಡದೆ ಟ್ರಾಕ್ಟರ್ ಓಡಿಸಿದವನಿಂದ. ಫೋನು ಹಿಡಿದದ್ದನ್ನು ನೀವೇ ಕಣ್ಣಾರೆ ನೋಡಿದ್ದೀರಿ. ತಪ್ಪು ಅವನದು. ಅವನದೇ."

ಕಂಬದ ಹತ್ತಿರ ಕೋಮಲ ನೆಟ್ಟಗೆ ನಿಂತಳು.

"ಈ ಮಾತ್ನ ಒಳಗೆ ಯೋಳ್ಬೇಕಾಗಿತ್ತು, ಅಕ್ಕಾ," ಎಂದಳು. ದನಿ ಏರಿಸಲಿಲ್ಲ. "ಇಲ್ಲಿ ಯಾರಿಗೆ ಬೇಕು?"

ಪುಟ್ಟಸಿದ್ದಯ್ಯ ಅವಳನ್ನು ಸುಮ್ಮನಿರು ಎಂಬಂತೆ ಕೈ ಸನ್ನೆ ಮಾಡಿದ. ನನ್ನ ಮೇಲೆ ಅವನಿಗೆ ಕೋಪವಿರಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುವ ಮನೆಮಗಳನ್ನು ನೋಡುವ ಹಾಗೆ ನೋಡಿದ.

"ನನ್ನ ಸಮಾದಾನಕ್ಕೆ ಅಂತೀರಿ, ತಾಯಿ. ನಂಗೊತ್ತಾಯ್ತದೆ. ನನ್ನ ತಪ್ಪಿಂದ ಸತ್ತಳಾ ಅಂತ ಕೇಳ್ದೋರು ನೀವೇ. ಊಂ ಅಂದೆ. ಸಾಯೇಬ್ರು ಬರ್ಸುದ್ರು. ಎಬ್ಬೆಟ್ಟು ಒತ್ತಿಸ್ಕಂಡ್ರಿ. ಅಷ್ಟು ದೊಡ್ಡ ಕೋರ್ಟು ಸುಳ್ಳು ಬರ್ಕತದಾ?"

ಹದಿನೆಂಟು ವರ್ಷ ಎಷ್ಟೋ ಜನರನ್ನು ಮಾತು ಹೊರಡದ ಹಾಗೆ ನಿಲ್ಲಿಸಿದ್ದೇನೆ. ಅಂದು ಅವನು ನನ್ನ ಉತ್ತರಕ್ಕಾಗಿ ಕಾದ. ನಿಜವಾಗಿಯೂ ತಿಳಿಯಬೇಕು ಎಂಬಂತೆ, ಬಾಯಿ ಅರ್ಧ ತೆರೆದುಕೊಂಡು ಕಾದ.

ಕೋಮಲ ಬಂದು ಚೀಲವನ್ನು ಎತ್ತಿಕೊಂಡಳು. "ನಡಿ ದೊಡ್ಡಪ್ಪ, ಬಸ್ಸಿಗೆ ಒತ್ತಾಯ್ತು," ಎಂದು ಅವನ ತೋಳು ಹಿಡಿದಳು. ಅವನು ಎರಡು ಹೆಜ್ಜೆ ಹೋಗಿ, ಕೋರ್ಟಿನ ಬಾಗಿಲ ಕಡೆ ತಿರುಗಿ ನಿಂತ. ಇನ್ನೂ ತನ್ನ ಹೆಸರು ಕೂಗಬಹುದೆಂದು ಸ್ವಲ್ಪ ಹೊತ್ತು ಕೇಳಿಸಿಕೊಂಡ.